ಪೂರ್ವಪಕ್ಷಕ್ಕೇ ಮುಗಿದ ಐದು ನಿಮಿಷ

ವಾದದಲ್ಲಿ ಗೆದ್ದರೆ ಜಗತ್ತಿನಲ್ಲಿ ಏನಾದರೂ ಬದಲಾಗುತ್ತದೆ ಎಂಬುದು ವಾದ ಮಾಡುವವರಿಗೆಲ್ಲ ಇರುವ ಒಂದು ಭ್ರಮೆ. ಧಾರವಾಡದ ಕಾಲೇಜಿನಲ್ಲಿ ನಾನು ಒಂದು ವರ್ಷ ‘ಮರಣದಂಡನೆ ಇರಲೇಬೇಕು’ ಎಂದೂ ಮರುವರ್ಷ ‘ಇರಲೇಬಾರದು’ ಎಂದೂ ವಾದಿಸಿ ಎರಡು ಸಲವೂ ಬಹುಮಾನದ ಢಾಲು ಗೆದ್ದಿದ್ದೆ. ಮರಣದಂಡನೆ ಮಾತ್ರ ತನ್ನ ಪಾಡಿಗೆ ತಾನಿತ್ತು. ಅಲ್ಲಿ ನಮ್ಮ ಮೇಷ್ಟ್ರು ಕಲಿಸಿದ ಪಟ್ಟು ಒಂದೇ: ಮೊದಲು ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸು, ಆಮೇಲೆ ಮುರಿದುಹಾಕು. ಮೊದಲನೆಯದು ಪೂರ್ವಪಕ್ಷ, ಎರಡನೆಯದು ಸಿದ್ಧಾಂತ. ನಮ್ಮ ಹಿರಿಯರು ಶತಮಾನಗಳ ಕಾಲ ಹೀಗೆಯೇ ಜಗಳವಾಡಿದ್ದಾರೆ. ಅವರಿಗೆ ಗಂಟೆ ಬಾರಿಸುವವರು ಇರಲಿಲ್ಲ, ಅಷ್ಟೆ.

ಓದು ಮುಗಿಸಿ ನಾನು ಬಂದು ಸೇರಿದ್ದು ಟೊರೊಂಟೊ ನಗರದ ರೆಕ್ಸ್‌ಡೇಲಿನಲ್ಲಿದ್ದ ಅಣ್ಣನ ಮನೆಯ ಬೇಸ್‌ಮೆಂಟಿಗೆ. ಮನೆ ಎದುರಿಗೇ ಒಂದು ಪುಟ್ಟ ಇಟ್ಟಿಗೆಯ ಶಾಲೆ. ಅಣ್ಣನ ಮಗಳು ಪಲ್ಲವಿ ಅಲ್ಲಿ ಎರಡನೆಯ ಕ್ಲಾಸು. ಒಂದು ಕಾಲದಲ್ಲಿ ನಮ್ಮ ಈ ಭಾಗ, ಎಟೋಬಿಕೋಕ್, ತಾನೇ ಒಂದು ಸಣ್ಣ ನಗರವಾಗಿತ್ತಂತೆ, ಅದಕ್ಕೆ ತನ್ನದೇ ಸ್ಕೂಲ್ ಬೋರ್ಡು ಇತ್ತಂತೆ. ಜನ ಓಟು ಹಾಕಿ ಆರಿಸಿದ ಬೋರ್ಡಿನ ಟ್ರಸ್ಟಿ ಎಂದರೆ ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಸಿಗುವ ಮನುಷ್ಯ. ಶಾಲೆಯ ನಲ್ಲಿ ಸೋರುತ್ತಿದ್ದರೆ ಅವನನ್ನು ಬ್ರೆಡ್ಡಿನ ಸಾಲಿನಲ್ಲಿ ಹಿಡಿದು ನಿಲ್ಲಿಸಿ ಬೈಯಬಹುದಿತ್ತು. ತೊಂಬತ್ತರ ದಶಕದ ಕೊನೆಗೆ ಸರಕಾರ ಅಕ್ಕಪಕ್ಕದ ಊರುಗಳನ್ನೆಲ್ಲ ಟೊರೊಂಟೊದೊಳಗೆ ಸೇರಿಸಿ, ಆರು ಬೋರ್ಡುಗಳನ್ನು ಕಲಸಿ ಒಂದೇ ಮುದ್ದೆ ಮಾಡಿತು. ಖರ್ಚು ಉಳಿಯುತ್ತದೆ ಎಂಬುದು ಅದರ ವಾದ. ಆರು ಮನೆಯವರನ್ನು ಒಂದೇ ಅಡುಗೆಮನೆಗೆ ತುಂಬಿದರೆ ಒಲೆ ಒಂದೇ ಸಾಕು, ನಿಜ. ಜಗಳ ಎಷ್ಟಾಗುತ್ತದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಕೆಲವು ವರ್ಷಗಳಲ್ಲೇ ಹೊಸ ಬೋರ್ಡಿನ ಕಣ್ಣು ಖಾಲಿ ಕೋಣೆಗಳಿರುವ ಶಾಲೆಗಳ ಮೇಲೆ ಬಿತ್ತು. ನಮ್ಮ ಎದುರಿನ ಶಾಲೆಯಲ್ಲಿ ಖಾಲಿ ಕೋಣೆಗಳಿಗೆ ಕೊರತೆಯಿರಲಿಲ್ಲ.

ಅಣ್ಣನ ಹೆಂಡತಿ ಶಾರದಾ ವೈನಿಗೆ ಇದು ವಾದದ ವಿಷಯವಲ್ಲ. ಅವರು ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟು, ಅಣ್ಣನದು ಓಕ್‌ವಿಲ್ಲಿನ ಕಾರ್ಖಾನೆಯಲ್ಲಿ. ಇಬ್ಬರೂ ಕತ್ತಲಿದ್ದಾಗಲೇ ಹೊರಡುತ್ತಾರೆ. ರಾತ್ರಿ ಪಾಳಿಯ ನಾನು ಮನೆ ಸೇರುವಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ. ಪಕ್ಕದ ಮನೆಯ ಪಂಜಾಬಿ ಅಜ್ಜಿ ಪಲ್ಲವಿಯನ್ನು ರಸ್ತೆ ದಾಟಿಸುತ್ತಾರೆ. ಶಾಲೆ ಮುಚ್ಚಿದರೆ ದೂರದ ಇನ್ನೊಂದು ಶಾಲೆಗೆ ಬಸ್ಸು. ಮಂಡಿನೋವಿನ ಅಜ್ಜಿ ಹಿಮದಲ್ಲಿ ಬಸ್‌ಸ್ಟಾಪಿನವರೆಗೆ ನಡೆಯಲಾರರು. ಅಂದರೆ ವೈನಿಯ ಕೆಲಸ ಹೋಯಿತು.

“ನೀ ಹೆಂಗೂ ದಿನಾ ಟೀವಿ ಜೋಡಿ ವಾದ ಮಾಡ್ತಿ. ಒಂದಿನ ಬೋರ್ಡಿನವ್ರ ಜೋಡಿ ಮಾಡು” ಎಂದರು ವೈನಿ.

“ಚಿಂತಿ ಬಿಡ್ರಿ ವೈನಿ. ಎದ್ದು ನಿಂತು ಚಪ್ಪಾಳಿ ತಟ್ತಾರ, ನೋಡ್ರಿ.”

ಬೋರ್ಡಿನ ಸಭೆಯಲ್ಲಿ ಹೆಸರು ಕೊಟ್ಟ ಪ್ರತಿಯೊಬ್ಬರಿಗೂ ಐದು ನಿಮಿಷ. ಆಮೇಲೆ ಟ್ರಸ್ಟಿಗಳು ಏನಾದರೂ ಕೇಳಬಹುದು. ವೈನಿ ರೇಷ್ಮೆ ಸೀರೆಯ ಮೇಲೆ ಚಳಿಕೋಟು ತೊಟ್ಟು, ಪಲ್ಲವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂದಿನ ಸಾಲಿನಲ್ಲೇ ಕುಳಿತರು. ನಾನು ಮೈಕಿನ ಮುಂದೆ ನಿಂತು ಪೂರ್ವಪಕ್ಷ ಎತ್ತಿಕೊಂಡೆ. ಖಾಲಿ ಕೋಣೆಗಳಿಗೆ ಸುಮ್ಮನೆ ಹೀಟಿಂಗ್ ಉರಿಯುತ್ತಿರುವುದನ್ನು ಹೇಳಿದೆ. ಆ ದುಡ್ಡಿನಲ್ಲಿ ಬೇರೆ ಮಕ್ಕಳಿಗೆ ಲೈಬ್ರರಿ ಆಗಬಹುದಿತ್ತು ಎಂದೆ. ಬೋರ್ಡಿನ ಅಧಿಕಾರಿಗಳಿಗೇ ಹೊಳೆಯದ ಕಾರಣಗಳನ್ನೂ ಒದಗಿಸಿದೆ. ಒಬ್ಬ ಅಧಿಕಾರಿ ಬರೆದುಕೊಳ್ಳತೊಡಗಿದ. ಹುರುಪು ಏರಿತು. “ಆದರೆ!” ಎಂದು ಬೆರಳೆತ್ತಿದೆ. ಐದು ನಿಮಿಷದ ಗಂಟೆ ಹೊಡೆಯಿತು.

ಬೆಳಗಿನಿಂದ ಎಲ್ಲರ ಬೈಗುಳ ಕೇಳಿ ಸೋತಿದ್ದ ಅಧ್ಯಕ್ಷೆ ಮೊದಲ ಬಾರಿಗೆ ಮುಗುಳ್ನಕ್ಕರು. ನಮ್ಮ ಕಷ್ಟವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಪ್ರಜೆ ನೀವೊಬ್ಬರೇ ಎಂದು ಮನಸಾರೆ ಧನ್ಯವಾದ ಹೇಳಿದರು. ಹಿಂದಿನಿಂದ ಪಲ್ಲವಿಯ ಪಿಸುಮಾತು ಇಡೀ ಹಾಲಿಗೆ ಕೇಳಿಸಿತು: “ಅಮ್ಮಾ, ಈಸ್ ಕಾಕಾ ಆನ್ ದೇರ್ ಸೈಡ್?”

ಪುಣ್ಯಕ್ಕೆ ನಮ್ಮ ವಾರ್ಡಿನ ಟ್ರಸ್ಟಿ ಒಂದು ಪ್ರಶ್ನೆ ಕೇಳಿದರು: ಹಾಗಾದರೆ ಶಾಲೆಯನ್ನು ಮುಚ್ಚಬೇಕೆನ್ನುತ್ತೀರಾ?

“ಈ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ...” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ.

“ಏ ರವೀ! ಮುಚ್ಚಬ್ಯಾಡ್ರಿ ಅಂತ ಒಂದ ಮಾತು ಅನ್ನೋ, ನಿನಗ ಕೈ ಮುಗೀತೀನಿ!” ವೈನಿ ಎದ್ದು ನಿಂತಿದ್ದರು.

“ನೋ” ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ನನ್ನ ಜೀವನದ ಅತ್ಯಂತ ಚಿಕ್ಕ ಭಾಷಣ.

ತಿಂಗಳಾದ ಮೇಲೆ ಸುದ್ದಿ ಬಂತು: ನಮ್ಮ ಶಾಲೆಯ ಹೆಸರನ್ನು ಮುಚ್ಚುವ ಪಟ್ಟಿಯಿಂದ ಕೈಬಿಟ್ಟಿದ್ದಾರೆ. ವೈನಿ ಶಿಫ್ಟಿನಿಂದ ಬಂದವರೇ ಗೋಧಿ-ಬೆಲ್ಲದ ಮಾದಲಿ ಮಾಡಿ, ತುಪ್ಪ ಸುರಿದು, ತಾಟು ತಂದು ನನ್ನ ಮುಂದಿಟ್ಟರು. ನನ್ನೊಳಗಿನ ಸಂಶಯವಾದಿ ಸುಮ್ಮನಿರಬೇಕಲ್ಲ?

“ನೋಡ್ರಿ ವೈನಿ, ಇದು ನನ್ನಿಂದ ಆಗಿದ್ದಲ್ಲ. ಟ್ರಸ್ಟಿಗಳ ಎಲೆಕ್ಷನ್ ಹತ್ರ ಬಂದದ. ಓಟು ಕೇಳೋ ಹೊತ್ತಿನ್ಯಾಗ ಯಾರೂ ಸಾಲಿ ಮುಚ್ಚಂಗಿಲ್ಲ. ನನ್ನ ‘ನೋ’ಗೂ ಇದಕ್ಕೂ ಕಾರ್ಯಕಾರಣ ಸಂಬಂಧ ಇಲ್ಲ.”

“ಖರೇನೇನು?”

“ಖರೇ.”

“ಅಂದ್ರ ಸಾಲಿ ಉಳಿಸಿದವ ನೀ ಅಲ್ಲ?”

“ಅಲ್ಲ.”

“ಆತ ಬಿಡು. ಹಂಗಾರ ಈ ತಾಟು ಟ್ರಸ್ಟಿಗೆ ಕೊಟ್ಟು ಬರ್ತೀನಿ” ಎಂದು ವೈನಿ ಕೈ ಚಾಚಿದರು.

ನಾನು ಎರಡೂ ಕೈಗಳಿಂದ ತಾಟು ಹಿಡಿದುಕೊಂಡೆ. ಅಲ್ಲಿಂದ ಮುಂದೆ ಆ ಶಾಲೆಯನ್ನು ಉಳಿಸಿದವನು ನಾನೇ.