ಅಂತರಗಂಗೆಯ ಶಿಫಾರಸು

ಮೊಳಕಾಲ್ಮೂರಿನ ಆ ಕಚೇರಿಯಲ್ಲಿ ಮಂಜೂರಾದ ಹುದ್ದೆಗಳು ಒಂಬತ್ತು, ಭರ್ತಿಯಾದವು ನಾಲ್ಕು, ಮೀನುಗಳು ಆರು. ಮೀನಿನ ಗಾಜಿನ ತೊಟ್ಟಿಯನ್ನು ಮೇಲಧಿಕಾರಿಗಳೇ ಉದ್ಘಾಟಿಸಿದ್ದರಿಂದ, ‘ನೀರು ಕದಡಿದಲ್ಲಿ ಕರ್ತವ್ಯಲೋಪವೆಂದು ಪರಿಗಣಿಸತಕ್ಕದ್ದು’ ಎಂದು ಗೋಡೆಗೆ ಅಂಟಿಸಲಾಗಿತ್ತು. ನೀರು ಬದಲಿಸುವುದು ಅಟೆಂಡರ್ ಗಂಗಲಕ್ಷ್ಮಿಯ ಕೆಲಸ.

ಅವಳ ಮಗಳು ಮಾಲತಿ ಚೊಚ್ಚಲ ಹೆರಿಗೆಗೆಂದು ನಾಯಕನಹಟ್ಟಿಯ ತವರಿಗೆ ಬಂದಿದ್ದಳು. ತವರಿನಲ್ಲಿ ತಾಯಿಯೇ ಇರಲಿಲ್ಲ; ತಾಯಿ ಇಲ್ಲಿ ಮೀನುಗಳ ಬಾಣಂತನ ಮಾಡುತ್ತಿದ್ದಳು. ಸೂಪರಿಂಟೆಂಡೆಂಟ್ ನಾಗಭೂಷಣ ಅವಳ ರಜೆ ಅರ್ಜಿಯನ್ನು ಮೂರು ಸಲ ವಾಪಸು ಕೊಟ್ಟಿದ್ದರು.

“ನೀ ಹೋದ್ರೆ ನೀರು ಯಾರು ನೋಡ್ತಾರವ್ವಾ?”

ತೊಟ್ಟಿಯ ಮೋಟರ್ ರಿಪೇರಿಗೆ ಬಂದ ಮೆಕ್ಯಾನಿಕ್ ಇಫ್ತಿಕಾರ್ ಮೋಟರ್ ರಿಪೇರಿ ಮಾಡಲಿಲ್ಲ, ದಾರಿ ತೋರಿಸಿದ. “ಅಕ್ಕಾ, ಕೆರೆಯಾಗೆ ತೇಲ್ತೈತಲ್ಲ ಅಂತರಗಂಗೆ ಗಿಡ, ಅದನ್ನ ತಂದು ಬಿಡ್ರಿ. ಗಲೀಜೆಲ್ಲ ಅದರ ಬೇರೇ ಹೀರ್ಕೊಂತೈತೆ.”

ತಂದು ಬಿಟ್ಟಳು. ವಾರದೊಳಗೆ ನೀರು ತಿಳಿಯಾಯಿತು. ಖುಷಿಯಲ್ಲಿ ನಾಲ್ಕನೇ ಅರ್ಜಿ ಬರೆದಳು: ‘ಹಗಲೂ ರಾತ್ರಿ ನೀರಿನ ಕೆಲಸಕ್ಕೆ ಅಂತರಗಂಗೆಯನ್ನು ಬಿಟ್ಟಿದ್ದೇನೆ.’

ಅರ್ಜಿ ಚಳ್ಳಕೆರೆಯ ಮೇಲಿನ ಕಚೇರಿಗೆ ಹೋಯಿತು. ಗಂಗೆ ಎಂದ ಮೇಲೆ ಹೆಂಗಸೇ ಇರಬೇಕೆಂದು ಅಲ್ಲಿ ತೀರ್ಮಾನವಾಯಿತು. ಆದೇಶ ಬಂತು: ‘ಹಗಲಿರುಳು ದುಡಿಯುತ್ತಿರುವ ಶ್ರೀಮತಿ ಅಂತರಗಂಗೆ ಇವರನ್ನು ಜಲ ಮೇಲ್ವಿಚಾರಕಿಯನ್ನಾಗಿ ನೇಮಿಸಿದೆ. ಅಟೆಂಡರ್ ಗಂಗಲಕ್ಷ್ಮಿಯ ರಜೆಯನ್ನು ಇನ್ನು ಮುಂದೆ ಇವರೇ ಶಿಫಾರಸು ಮಾಡತಕ್ಕದ್ದು.’

“ಸಾರ್, ಅದು ಗಿಡ!” ಎಂದಳು ಗಂಗಲಕ್ಷ್ಮಿ.

ನಾಗಭೂಷಣ ಆದೇಶವನ್ನು ಎರಡು ಸಲ ಓದಿದರು. “ಗಿಡ ಅಂತ ಇದ್ರಾಗೆ ಎಲ್ಲೂ ಇಲ್ಲವಲ್ಲವ್ವಾ. ತಿದ್ದುಪಡಿಗೆ ಬರೆದ್ರೆ ಮೂರು ತಿಂಗಳು. ಸುಮ್ನೆ ಶಿಫಾರಸು ತಗೊಂಡು ಬಾ.”

ಅಷ್ಟರಲ್ಲಿ ಮಾಲತಿಯ ಫೋನು ಬಂತು. “ಅವ್ವಾ, ನೋವು ಶುರುವಾಗೈತೆ. ಬರ್ತೀಯಾ?”

ಗಂಗಲಕ್ಷ್ಮಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ತೊಟ್ಟಿಯಿಂದ ಒಂದು ಎಲೆ ಮುರಿದಳು, ಸೆರಗಿನಲ್ಲಿ ಒರೆಸಿದಳು, ಸ್ಟಾಂಪ್ ಪ್ಯಾಡಿಗೆ ಅದ್ದಿ ಅರ್ಜಿಯ ಕೆಳಗೆ ಒತ್ತಿದಳು.

ನಾಗಭೂಷಣ ಕನ್ನಡಕ ಏರಿಸಿ ನೋಡಿದರು. ಗೆರೆಗಳು ಸ್ಪಷ್ಟವಾಗಿಯೇ ಮೂಡಿದ್ದವು.

“ಹೆಬ್ಬೆಟ್ಟು ಒಸಿ ಅಗಲ ಆಯ್ತು,” ಎಂದರು.

ಕ್ಲಾರ್ಕ್ ವನಜಾಕ್ಷಿ ಬಗ್ಗಿ ನೋಡಿ, “ದುಡಿದ ಕೈ ಸಾರ್, ಹಂಗೇ ಇರ್ತೈತೆ,” ಎಂದಳು.

ರಜೆ ಮಂಜೂರಾಯಿತು. ಗಂಗಲಕ್ಷ್ಮಿ ಚೀಲ ಎತ್ತಿಕೊಂಡು ಬಸ್ಸಿಗೆ ಓಡಹೊರಟವಳು, ಕಚೇರಿಯ ಬಾಗಿಲಲ್ಲಿ ಥಟ್ಟನೆ ನಿಂತು, ತಿರುಗಿ ತೊಟ್ಟಿಗೆ ಕೈಮುಗಿದಳು.

“ಬರ್ತೀನಿ ಮೇಡಂ.”