ಭಾವನ ಸಮುದ್ರದಲ್ಲಿ ನನ್ನ ಮೊಟ್ಟೆ

ನಮ್ಮ ಭಾವ ರಾಯದುರ್ಗಕ್ಕೆ ಸಮುದ್ರ ತಂದವರು. ಒಂದೇ ಸಲಕ್ಕೆ ತರಲಿಲ್ಲ. ಕಂತು ಕಂತಾಗಿ, ಬಳ್ಳಾರಿಯಿಂದ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ನೀವು ನಂಬುವುದಿಲ್ಲ ಎಂದು ಗೊತ್ತು. ಬಸ್ಸಿನ ಕಂಡಕ್ಟರೂ ನಂಬಲಿಲ್ಲ. "ಚೀಲದಾಗ ಏನೈತ್ರಿ?" ಎಂದು ಕೇಳಿದವನಿಗೆ ಭಾವ, "ಉಪ್ಪುರಿ. ಉಪ್ಪಿನಕಾಯಿಗಲ್ಲ, ಸಮುದ್ರಕ್ಕ" ಎಂದರಂತೆ. ಅವನು ಲಗೇಜಿನ ಟಿಕೆಟ್ಟನ್ನೂ ಕೇಳದೆ ಮುಂದಿನ ಸೀಟಿಗೆ ಹೋದನಂತೆ. ಇಂಥವರ ಹತ್ತಿರ ಮಾತು ಬೆಳೆಸಬಾರದು ಎಂಬ ತಿಳಿವಳಿಕೆ ಕಂಡಕ್ಟರುಗಳಿಗೆ ಇರುತ್ತದೆ.

ನನಗೆ ಇರಲಿಲ್ಲ. ನಾನು ಮಾತು ಬೆಳೆಸಿದೆ, ಸಲಹೆ ಕೊಟ್ಟೆ, ಕೊನೆಗೆ ಕೈಯನ್ನೂ ಹಾಕಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಡೆಯೆಲ್ಲ ಕಟಿಂಗ್ ಮಾಸ್ಟರ್ ಆಗಿ ದುಡಿದವರು. ಬಟ್ಟೆಯ ಮೇಲೆ ಅವರು ಸೀಮೆಸುಣ್ಣದ ಗೆರೆ ಎಳೆದರೆ ಮುಗಿಯಿತು, ಮಾಲೀಕನೂ ಮಾತಾಡುವಂತಿರಲಿಲ್ಲ. ನಾನು ಮಡಕಶಿರಾ ಕಡೆಯ ರೈತ. ಕಡಲೆಕಾಯಿ, ರಾಗಿ, ಒಂದಿಷ್ಟು ಹಿಪ್ಪುನೇರಳೆ, ಕೆರೆ ತುಂಬಿದ ವರ್ಷ ಸ್ವಲ್ಪ ಭತ್ತ. ಓದಿದ್ದು ಹೈಸ್ಕೂಲಿನವರೆಗೆ, ಹೇಳಿಕೊಡಲು ಅಷ್ಟು ಸಾಕು ಎಂದುಕೊಂಡವನು. ಭಾವ ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. "ಏನಪಾ ಮಡಕಶಿರಾ" ಎನ್ನುತ್ತಾರೆ, ಇಡೀ ತಾಲೂಕಿನ ತಪ್ಪುಗಳಿಗೆಲ್ಲ ನಾನೊಬ್ಬನೇ ಜವಾಬ್ದಾರ ಎಂಬಂತೆ.

ಅಕ್ಕ ಸಮುದ್ರ ನೋಡಿರಲಿಲ್ಲ. ಭಾವನೂ ನೋಡಿರಲಿಲ್ಲ. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. "ಈ ಆರ್ಡರ್ ಒಂದು ಮುಗೀಲಿ, ಹೋಗೋಣಂತ" ಎನ್ನುವುದು ಭಾವನ ಉತ್ತರ. ಲೋಕದಲ್ಲಿ ಪ್ಯಾಂಟು ಹಾಕುವವರು ಕಮ್ಮಿಯಾಗಲಿಲ್ಲ, ಆರ್ಡರೂ ಮುಗಿಯಲಿಲ್ಲ. ಕಡೆಗೆ ಅವರಿಗೆ ಕೆಲಸ ಬಿಡಿಸಿದ್ದು ಕಣ್ಣು. ಕಣ್ಣಿನ ನರ ಸೊರಗುತ್ತಿದೆ, ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಈಗಲಾದರೂ ಹೊರಡೋಣ ಎನ್ನುವಷ್ಟರಲ್ಲಿ ಅಕ್ಕ ಹಿತ್ತಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆದರೂ, ಹಿಡಿದು ಕೂರಿಸಿದರೆ ಕೂರುತ್ತಾಳೆ, ಅಷ್ಟೇ. ದೂರದ ಪ್ರಯಾಣದ ಮಾತೇ ಬೇಡ ಎಂದರು.

ಆಗಲೇ ಭಾವನ ಫೋನು ಬಂದದ್ದು.

"ನಿಮ್ಮಕ್ಕ ಹೋಗೋಕಾಗಂಗಿಲ್ಲಪಾ. ಅದನ್ನ ಇಲ್ಲಿಗೆ ಕರಸಬೇಕು."

"ಯಾರ್ನ ಭಾವ?"

"ಸಮುದ್ರನ. ನನ್ನ ಕಣ್ಣು ಪೂರ್ತಿ ಆರೋದ್ರಾಗ ಇಬ್ಬರೂ ಕುಂತು ನೋಡಬೇಕು."

ನಾನು ಫೋನಿಟ್ಟು ನನ್ನ ಹೆಂಡತಿಗೆ, "ಭಾವಂಗೆ ಕಣ್ಣಿಂದು ತಲೆಗೇರೈತೆ ಕಣೆ" ಎಂದೆ. ಊರಿನ ಚಹದಂಗಡಿಯಲ್ಲೂ ಅದನ್ನೇ ಹೇಳಿ ನಾಲ್ಕು ಜನರನ್ನು ನಗಿಸಿದೆ. ಅದೂ ನನ್ನ ತಪ್ಪುಗಳಲ್ಲಿ ಒಂದು, ಆದರೆ ಸಣ್ಣದು.

ಅಕ್ಕನ ಆರೈಕೆಗೆಂದು ರಾಯದುರ್ಗಕ್ಕೆ ಬಂದಿದ್ದ ನನ್ನನ್ನೂ ಭಾವ ಬಳ್ಳಾರಿಯ ಸಾಕುಮೀನಿನ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನು ಒಳ್ಳೆಯ ಮಾತುಗಾರ. "ಮೊದಲನೇ ಸಲ ಅಂದ್ರ ದೊಡ್ಡ ತೊಟ್ಟಿನ ತಗೊಳ್ರಿ. ಸಣ್ಣದ್ರಾಗ ನೀರು ಜಲ್ದಿ ಕೆಡತೈತಿ" ಎಂದ. ಮಾರುವವನು ದೊಡ್ಡದನ್ನೇ ಹೇಳುತ್ತಾನೆ ಎಂದು ನಾನು ಭಾವನ ಕಿವಿ ಕಚ್ಚಿದೆ. ಅವನು ಹೇಳಿದ್ದು ನಿಜವೆಂದು ಆಮೇಲೆ ತಿಳಿಯಿತು. ಭಾವ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಗಾಜಿನ ತೊಟ್ಟಿಯ ಮೂಲೆಯಲ್ಲಿ ಬೆರಳು ಆಡಿಸುತ್ತ, "ಹೊಲಿಗಿ ಸಿಂಗಲ್ಲೋ ಡಬಲ್ಲೋ?" ಎಂದು ಕೇಳುತ್ತಿದ್ದರು.

"ಹೊಲಿಗಿ ಅಲ್ರಿ ಯಜಮಾನ್ರೆ, ಅಂಟು."

"ಯಾವುದರ ಆಗಲಿ. ಪ್ಯಾಂಟು ಬಿಚ್ಚೋದೂ ಮೂಲ್ಯಾಗ."

ಹಾಗೆಂದು ಅಂಗಡಿಯಲ್ಲಿದ್ದ ತೊಟ್ಟಿಗಳ ಮೂಲೆಗಳನ್ನೆಲ್ಲ ತಡವಿ, ಯಾವ ಮೂಲೆಯಲ್ಲಿ ಅಂಟು ಒಂದೇ ಸಮ ಬಿದ್ದಿದೆಯೋ ಅದನ್ನು ಆರಿಸಿದರು. ಕಣ್ಣಿಗಿಂತ ಅವರ ಬೆರಳು ಚೆನ್ನಾಗಿತ್ತು.

ಆಮೇಲೆ ಅಂಗಡಿಯವನು ಒಂದು ಗಾಜಿನ ಕೊಳವೆ ತೆಗೆದಿಟ್ಟ. "ಇದು ಹೀಟರ್ರಿ. ನೀರು ಯಾವಾಗ್ಲೂ ಬೆಚ್ಚಗಿರಬೇಕು."

"ನಮ್ಮದು ರಾಯದುರ್ಗರಿ" ಎಂದರು ಭಾವ.

ಅವನು ಹೀಟರನ್ನು ಒಳಗಿಟ್ಟ. ನೀರನ್ನು ತಂಪು ಮಾಡುವ ಯಂತ್ರವೂ ಇತ್ತು, ಫ್ರಿಜ್ಜಿನಷ್ಟು ದೊಡ್ಡದು. ಅದು ಬೇಡ, ನೀರಿನ ಮೇಲೆ ಎರಡು ಸಣ್ಣ ಫ್ಯಾನು ಬೀಸಿದರೂ ಸಾಕು ಎಂದು ಅವನೇ ಹೇಳಿದ. ಈ ಫ್ಯಾನುಗಳನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅನಾಹುತಕ್ಕೆ ಅರ್ಧ ಕಾರಣ ಅವು, ಇನ್ನರ್ಧ ನಾನು.

ಆಮೇಲೆ ನೊರೆ ತೆಗೆಯುವ ಯಂತ್ರ. ನೀರಿನೊಳಗೆ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ, ಕೊಳೆಯನ್ನೆಲ್ಲ ನೊರೆ ಮಾಡಿ ಮೇಲಿನ ಬಟ್ಟಲಿಗೆ ತಳ್ಳುತ್ತದೆ. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವಾಗ ಮೇಲೆ ಬರುವ ನೊರೆಯನ್ನು ಸೌಟಿನಲ್ಲಿ ತೆಗೆಯುವುದಿಲ್ಲವೆ, ಅದೇ ಕೆಲಸ. "ಇದಕ್ಕೆ ಯಂತ್ರ ಯಾಕ್ಬೇಕು? ಒಂದು ಸೌಟು ಕೊಟ್ಟು ನನ್ನ ಕೂರಿಸಿ" ಎಂದೆ. ಭಾವ ಸ್ವಲ್ಪ ಯೋಚಿಸಿ, "ಇದು ಮಾತಾಡಂಗಿಲ್ಲಪಾ" ಎಂದು ಯಂತ್ರವನ್ನೇ ತೆಗೆದುಕೊಂಡರು.

ಇಷ್ಟನ್ನಾದರೂ ಸಹಿಸಬಹುದು. ಭಾವ ಕಲ್ಲನ್ನೂ ದುಡ್ಡು ಕೊಟ್ಟು ತಂದರು! ರಾಯದುರ್ಗ ನೋಡಿದವರಿಗೆ ನನ್ನ ಸಂಕಟ ಅರ್ಥವಾಗುತ್ತದೆ. ಊರ ತಲೆಯ ಮೇಲೆ ಇಡೀ ಬೆಟ್ಟ ಕೂತಿದೆ, ಮನೆಮನೆಯ ಹಿಂದೆ ಬಂಡೆ ಇದೆ. ಅಂಥ ಊರಿಗೆ ಬಸ್ಸಿನಲ್ಲಿ ಕಲ್ಲು ತರುವುದೆಂದರೇನು? ಇದು ತೂತುತೂತಿನ ಹಗುರ ಕಲ್ಲು, ಇದರೊಳಗೆ ಕಣ್ಣಿಗೆ ಕಾಣದ ಜೀವಿಗಳು ಮನೆ ಮಾಡಿ ಮೀನಿನ ಹೊಲಸನ್ನು ತಿನ್ನುತ್ತವೆ ಎಂದರು ಭಾವ. "ನಿಮ್ಮ ಮಡಕಶಿರಾ ಕಲ್ಲು ಏನ್ ಮಾಡತೈತಿ ಹೇಳು?" ಎಂದೂ ಕೇಳಿದರು. ನಮ್ಮ ಕಲ್ಲು ಸುಮ್ಮನೆ ಕೂತಿರುತ್ತದೆ. ಒಪ್ಪಿಕೊಂಡೆ.

ತೊಟ್ಟಿಯ ಸ್ಟ್ಯಾಂಡ್ ಮಾಡಿಸುವಾಗ ವೆಲ್ಡಿಂಗಿನವನು ಎತ್ತರ ಎಷ್ಟು ಎಂದು ಕೇಳಿದ. ಭಾವ ಕೊರಳಿನಿಂದ ಟೇಪು ತೆಗೆದು, ನಡುಮನೆಯ ಮಂಚದಲ್ಲಿ ಮಲಗಿದ್ದ ಅಕ್ಕನ ಕಣ್ಣಿಗೂ ನೆಲಕ್ಕೂ ಹಿಡಿದರು. ಆಮೇಲೆ ಅವಳನ್ನು ದಿಂಬಿಗೆ ಒರಗಿಸಿ ಇನ್ನೊಂದು ಸಲ ಹಿಡಿದರು. ಎರಡರ ನಡುವಿನ ಅಳತೆಯನ್ನು ಕೊಟ್ಟರು. ಮನೆಗೆ ಬಂದವರು ನಿಂತು ನೋಡಿದರೆ ನೀರಿನ ಮೇಲ್ಭಾಗ ಮಾತ್ರ ಕಾಣುತ್ತದೆ. ಬಗ್ಗಿ ನೋಡಬೇಕು. ಬಗ್ಗಲಿ ಬಿಡು ಎಂದರು ಭಾವ.

ಫಿಲ್ಟರ್ ನೀರಿನ ಕ್ಯಾನುಗಳು ಬಂದವು. ಬಕೆಟ್ಟಿನಲ್ಲಿ ಉಪ್ಪು ಕಲಸಿ ತೊಟ್ಟಿ ತುಂಬಿಸಿದರು. ಅಲೆ ಎಬ್ಬಿಸುವ ಪಂಪು ತಿರುಗಿತು, ಮೇಲಿನ ನೀಲಿ ದೀಪ ಹತ್ತಿತು. ಅಕ್ಕಪಕ್ಕದವರು ಬಂದು ಬಗ್ಗಿ ನೋಡಿದರು. ನೀರು ಮತ್ತು ಕಲ್ಲು.

"ಚೇಪಲು ಯಾಡುನ್ನಾಯಿ?" ಎಂದರು ಎದುರುಮನೆಯ ತೆಲುಗಿನಾಕೆ.

"ಮೀನು ಇನ್ನೂ ಬರಂಗಿಲ್ರಿ. ಕಲ್ಲಿನಾಗ ಜೀವಿಗಳು ಬೆಳದು ನೀರು ಪಕ್ವ ಆಗಬೇಕು" ಎಂದರು ಭಾವ.

ವಾರಗಟ್ಟಲೆ ಆ ನೀರು ಪಕ್ವವಾಯಿತು. ಭಾವ ದಿನಾ ಒಂದು ಸಣ್ಣ ಸೀಸೆಯಲ್ಲಿ ನೀರು ತೆಗೆದು, ಔಷಧದ ಹನಿ ಬಿಟ್ಟು, ಯಾವ ಬಣ್ಣಕ್ಕೆ ತಿರುಗಿತೆಂದು ಅಕ್ಕನನ್ನು ಕೇಳುವರು. ಎದುರುಮನೆಯಾಕೆ ದೋಸೆ ಹಿಟ್ಟು ಹುಳಿ ಬಂತೇ ಎನ್ನುವ ಧಾಟಿಯಲ್ಲಿ ದಿನಾ ವಿಚಾರಿಸುವರು. ಕರೆಂಟು ಹೋದರೆ ಇನ್ವರ್ಟರಿನಿಂದ ಪಂಪು ನಡೆಯುತ್ತಿತ್ತು, ನೀರಿನ ಮೇಲಿನ ಫ್ಯಾನೂ ನಡೆಯುತ್ತಿತ್ತು. ನಮ್ಮ ತಲೆಯ ಮೇಲಿನದು ಮಾತ್ರ ನಿಲ್ಲುತ್ತಿತ್ತು. ಇಲ್ಲದ ಮೀನಿಗೆ ಗಾಳಿ, ಇದ್ದ ನೆಂಟನಿಗೆ ಬೀಸಣಿಗೆ.

ಇನ್ನು ಉಪ್ಪು ಅಳೆಯುವ ಸಾಧನ. ಗೇಣುದ್ದದ ನಳಿಗೆ. ಒಂದು ತುದಿಯಲ್ಲಿ ಓರೆಯಾದ ಗಾಜು, ಅದರ ಮೇಲೆ ಒಂದು ಹನಿ ನೀರು ಬಿಟ್ಟು, ಇನ್ನೊಂದು ತುದಿಗೆ ಕಣ್ಣಿಟ್ಟು ಬೆಳಕಿನ ಕಡೆ ನೋಡಬೇಕು. ಭಾವ ಅದನ್ನು ದುರ್ಬೀನು ಎಂದು ಕರೆದರು. ಒಳಗಿನ ಗೆರೆ ಅವರ ಕಣ್ಣಿಗೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಅವರು ಹನಿ ಬಿಟ್ಟು ಕೊಡುವುದು, ಅಕ್ಕ ಮಂಚದಿಂದಲೇ ಕಿಟಕಿಯ ಕಡೆ ಹಿಡಿದು ನೋಡುವುದು.

"ಏನ್ ಕಾಣತೈತಿ?"

"ಮ್ಯಾಲ ನೀಲಿ, ಕೆಳಗ ಬಿಳಿ. ನಡುವ ಗೆರಿ. ಮೂವತ್ತೈದು."

"ಸಮುದ್ರನ ಹಂಗ ಇರತೈತಿ" ಎನ್ನುವರು ನೋಡದ ಭಾವ. ಅಕ್ಕ ಹೇಳಿದ ಅಂಕಿಯನ್ನು ಅವರು ಒಂದು ದಿನವೂ ಎರಡನೇ ಸಲ ಕೇಳಿದ್ದಿಲ್ಲ. ಸೀಮೆಸುಣ್ಣದ ಗೆರೆಯ ಹಾಗೆ, ಎಳೆದರೆ ಮುಗಿಯಿತು.

ಕಡೆಗೆ ಮೀನು ಬಂದವು. ಎರಡೇ. ಕಿತ್ತಳೆ ಮೈ, ಬಿಳಿ ಪಟ್ಟಿ, ಹೆಬ್ಬೆರಳಿನ ಗಾತ್ರ. ಅಕ್ಕ ಬಹಳ ಹೊತ್ತು ನೋಡಿ, "ಇವ್ಕೆ ಊಟ ಆಗೈತೇನ್ರಿ?" ಎಂದಳು. ಅಂದಿನಿಂದ ಮನೆಯ ಸದ್ದು ಬದಲಾಯಿತು. ಸಂಜೆ ಭಾವ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುವರು. ಕಿತ್ತಳೆ ಬಣ್ಣ ಓಡಾಡುವುದಷ್ಟೇ ಅವರಿಗೆ ಕಾಣುವುದು. ಎಲ್ಲಿ ಹೋಯಿತು, ಏನು ಮಾಡಿತು ಎಂದು ಅಕ್ಕ ಹೇಳುವಳು.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಪಂಪಿನ ಒಂದು ಬಿಡಿಭಾಗ ತರಲು ಭಾವ ಬಳ್ಳಾರಿಗೆ ಹೊರಟರು. ಅವರ ಮಗಳು ಬೆಳುಗುಪ್ಪದ ಸ್ಕೂಲಿನಲ್ಲಿ ಟೀಚರು, ಅಡುಗೆ ಮಾಡಿಟ್ಟು ಬೆಳಿಗ್ಗೆಯೇ ಬಸ್ಸು ಹತ್ತಿದ್ದಳು. ಮನೆಯಲ್ಲಿ ಅಕ್ಕ ಮತ್ತು ನಾನು.

"ಮಡಕಶಿರಾ, ನೀರು ಇಳಿದ್ರ ಕ್ಯಾನ್ ನೀರು ಹಾಕು. ಬರೇ ನೀರು. ಉಪ್ಪಿನ ಡಬ್ಬಿ ಮುಟ್ಟಬ್ಯಾಡ" ಎಂದು ಹೇಳಿ ಹೋದರು.

ನೀರು ಇಳಿದಿತ್ತು. ಫ್ಯಾನು ಬೀಸಿ ಬೀಸಿ ಆರುತ್ತಿತ್ತು. ಅಕ್ಕ ಮಾತ್ರೆ ನುಂಗಿ ಮಲಗಿದ್ದಳು. ನಾನು ಕ್ಯಾನು ಎತ್ತಿದೆ, ಇಳಿಸಿದೆ. ಸಮುದ್ರಕ್ಕೆ ಸಪ್ಪೆ ನೀರು ಹಾಕಿದರೆ ಸಮುದ್ರ ಸಪ್ಪೆಯಾಗುವುದಿಲ್ಲವೆ? ಆರುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಭಾವ ಕಣ್ಣು ಕಾಣದೆ ಹೇಳಿದ್ದಾರೆ ಎಂದುಕೊಂಡೆ. ನೀರು ಹಾಕಿ, ಮೇಲೆ ಉಪ್ಪನ್ನೂ ಒಂದು ಲೋಟ ಸುರಿದೆ.

ಇನ್ನು ಎಷ್ಟು ಬೇಕು? ದುರ್ಬೀನು ನನಗೆ ಬಾರದು. ಆದರೆ ರೈತನಿಗೆ ಇನ್ನೊಂದು ಅಳತೆ ಗೊತ್ತು. ಭತ್ತದ ಬಿತ್ತನೆ ಬೀಜ ಆರಿಸುವಾಗ ಉಪ್ಪುನೀರು ಮಾಡುತ್ತೇವೆ. ಅದರಲ್ಲಿ ಒಂದು ಕೋಳಿಮೊಟ್ಟೆ ಬಿಡುತ್ತೇವೆ. ಮೊಟ್ಟೆ ತೇಲಿದರೆ ಉಪ್ಪು ಸರಿ. ಆಮೇಲೆ ಭತ್ತ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ಆ ಅಳತೆ ನನಗೆ ಎಂದೂ ಕೈಕೊಟ್ಟಿರಲಿಲ್ಲ. ಫ್ರಿಜ್ಜಿನಿಂದ ಒಂದು ಮೊಟ್ಟೆ ತಂದು ಭಾವನ ಸಮುದ್ರಕ್ಕೆ ಬಿಟ್ಟೆ. ಮುಳುಗಿತು. ನೋಡಿದಿರಾ, ಉಪ್ಪು ಕಮ್ಮಿ! ಇನ್ನೊಂದು ಲೋಟ ಹಾಕಿದೆ. ಮತ್ತೂ ಹಾಕಿದೆ. ಮೀನುಗಳು ಮೊಟ್ಟೆಯ ಸುತ್ತ ಸುತ್ತಿದವು. ಮೊಟ್ಟೆ ಎದ್ದು ತೇಲಿದಾಗ ನನಗೆ ಆದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಅದನ್ನು ಒರೆಸಿ ಫ್ರಿಜ್ಜಿನಲ್ಲಿಟ್ಟೆ.

ಭಾವ ಬರುವ ಹೊತ್ತಿಗೆ ಮೀನುಗಳು ಗಾಜಿಗೆ ಒರಗಿ ಬಾಯಿ ಬಿಡುತ್ತಿದ್ದವು. ಅಕ್ಕ ಎದ್ದು ಅದನ್ನೇ ನೋಡುತ್ತಿದ್ದಳು. ಭಾವ ಅವಸರದಲ್ಲಿ ಹನಿ ಬಿಟ್ಟು ದುರ್ಬೀನು ಕೊಟ್ಟರು. ಅಕ್ಕ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಸರಿ ಐತ್ರಿ. ಮೂವತ್ತೈದು" ಎಂದಳು.

ಹಾಗಾದರೆ ಪಂಪಿನದೇ ತೊಂದರೆ ಎಂದು ಭಾವ ಅದನ್ನು ಕಳಚಿಕೊಂಡು ಹಿತ್ತಲಿಗೆ ಓಡಿದರು.

"ಏನ್ ಹಾಕ್ದೆ ತಮ್ಮಯ್ಯ?" ಎಂದಳು ಅಕ್ಕ. ನನ್ನ ಹತ್ತಿರ ಮಾತ್ರ ಅವಳಿಗೆ ಇನ್ನೂ ತವರಿನ ಮಾತು.

"ಉಪ್ಪು ಕಣಕ್ಕ."

"ಎಷ್ಟು?"

"ಮೊಟ್ಟೆ ತೇಲೋ ಗಂಟ."

"ಅಯ್ಯೋ ನಿನ್ನ ಬುದ್ಧಿಗಿಷ್ಟು. ಇವೇನು ಬಿತ್ತನೆ ಭತ್ತವೇನೋ? ಜಗ್ಗಲ್ಲಿ ನೀರು ತೆಗಿ. ಕ್ಯಾನ್ ನೀರು ಬಿಡು. ಒಂದೇ ಸಲ ಬೇಡ, ನಿಧಾನಕ್ಕೆ. ಅವರು ಬರೋದ್ರೊಳಗೆ ಮಾಡು."

ಎದ್ದು ನಿಲ್ಲಲಾರದ ಅಕ್ಕ ಮಂಚದಿಂದಲೇ ನನ್ನನ್ನು ನಡೆಸಿದಳು. ನಾನು ಜಗ್ಗಿನಲ್ಲಿ ಉಪ್ಪುನೀರು ತೆಗೆದೆ, ಸಪ್ಪೆ ನೀರು ಬಿಟ್ಟೆ. ಹಿತ್ತಲಿನಿಂದ ಸ್ಕ್ರೂಡ್ರೈವರಿನ ಸದ್ದು ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ಒಂದು ಮೀನು ಚೇತರಿಸಿಕೊಂಡು ಈಜಿತು. ಇನ್ನೊಂದು ಸತ್ತಿತು.

ಭಾವ ಅದನ್ನು ದಾಸವಾಳದ ಗಿಡದ ಬುಡದಲ್ಲಿ ಹೂತರು. ಆಮೇಲಿನ ದಿನಗಳಲ್ಲಿ ಒಂದೊಂದೇ ಸಾಧನವನ್ನು ಬಿಚ್ಚಿ ತಡವಿ ನೋಡಿದರು. ಫ್ಯಾನಿನ ಧೂಳು ಬಿತ್ತೇನೋ, ಕ್ಯಾನಿನ ನೀರು ಕೆಟ್ಟಿತ್ತೇನೋ, ನನ್ನ ಕೈಯಲ್ಲಿ ಸೋಪು ಇತ್ತೇನೋ ಎಂದು ಕೇಳುವರು. ನಾನು ಊರಿಗೆ ಹೋಗಲಿಲ್ಲ. ಬಾಯಿಯನ್ನೂ ಬಿಡಲಿಲ್ಲ. ಕೊನೆಗೊಂದು ಸಂಜೆ ಭಾವ ಕುರ್ಚಿ ಹಾಕಿಕೊಳ್ಳದೆ ನಿಂತೇ ಹೇಳಿದರು: "ಉಳಿದಿದ್ದನ್ನ ನಾಳೆ ಅಂಗಡಿಗೆ ಕೊಟ್ಟು ಬರ್ತೀನಿ. ಕಣ್ಣಿಲ್ಲದಾತ ಇಂಥಾದ್ಕ ಕೈ ಹಾಕಬಾರದು."

ಆಗ ನಾನು ಹೇಳಿದೆ. ಫ್ಯಾನು, ಕ್ಯಾನು, ಲೋಟ, ಮೊಟ್ಟೆ, ಎಲ್ಲ.

"ಮೊಟ್ಟಿ?" ಎಂದರು ಭಾವ.

"ಮೊಟ್ಟೆ."

"ಹೊಸಾದೋ, ಹಳೇದೋ?"

"ಫ್ರಿಜ್ಜಲ್ಲಿತ್ತು. ಹಳೇದೇ ಇರ್ಬೇಕು ಭಾವ."

"ಅದಕ್ಕ ಒಂದು ಉಳಿದೈತಿ. ಹಳೇ ಮೊಟ್ಟಿ ಜಲ್ದಿ ತೇಲತೈತಿ. ಹೊಸಾದಾಗಿದ್ರ ಎರಡೂ ಹೋಗ್ತಿದ್ವು." ಆಮೇಲೆ ಅವರು ಅಕ್ಕನ ಕಡೆ ತಿರುಗಿದರು. "ನೀನು ಸರಿ ಐತಿ ಅಂದಿ."

"ಅಂದೆ."

"ಕಂಡಿತ್ತಲ್ಲ ನಿನಗ?"

"ಕಂಡಿತ್ತು. ಹೇಳಿದ್ರ ನೀವು ತಮ್ಮನ್ನ ಬೈತಿದ್ರಿ."

"ಬೈತಿದ್ದೆ" ಎಂದರು ಭಾವ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಭಾವ ಎಂದಿನಂತೆ ಹನಿ ಬಿಟ್ಟು ದುರ್ಬೀನು ಕೊಟ್ಟರು. ಅಕ್ಕ ಕಿಟಕಿಯ ಕಡೆ ಹಿಡಿದು, "ಮೂವತ್ತೈದು" ಎಂದಳು. ಭಾವ ಕೈ ಚಾಚಿದರು. "ಕೊಡಿಲ್ಲಿ."

ಇಷ್ಟು ದಿನದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ಒಂದು ಮೀನನ್ನು ಕೊಂದದ್ದಲ್ಲದೆ ಈ ನಂಬಿಕೆಯನ್ನೂ ಕೊಂದೆನಲ್ಲ ಎನಿಸಿತು. ಅಕ್ಕ ತಲೆ ತಗ್ಗಿಸಿ ಕೊಟ್ಟಳು. ಭಾವ ಅದನ್ನು ಕಣ್ಣಿಗೆ ಹಿಡಿದು, ಕಿಟಕಿಗೆ ಮುಖ ಮಾಡಿ, ಬಹಳ ಹೊತ್ತು ನೋಡಿದರು.

"ಹೌದು, ಮೂವತ್ತೈದ ಐತಿ" ಎಂದರು. "ನಿಮ್ಮಕ್ಕ ಹೇಳಿದ್ದು ಖರೆ."

ದುರ್ಬೀನನ್ನು ಅವರು ತಿರುಗಾಮುರುಗಾ ಹಿಡಿದಿದ್ದರು. ಹನಿ ಬಿಟ್ಟ ಗಾಜು ಅವರ ರೆಪ್ಪೆಗೆ ತಾಗಿತ್ತು, ಕಣ್ಣಿಡುವ ತುದಿ ಕಿಟಕಿಯ ಕಡೆಗಿತ್ತು. ನಾನು ಅಕ್ಕನನ್ನು ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು.

ಭಾವ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು ಕೂತರು. "ಮಡಕಶಿರಾ, ನೀರು ಇಳಿದೈತೇನು ನೋಡು. ಏನ್ ಹಾಕ್ತಿ?"

"ಬರೇ ನೀರು ಭಾವ" ಎಂದು ನಾನು ಕ್ಯಾನು ತರಲು ಎದ್ದೆ.