ಹಾಳೆ ತುಂಬಾ ರೈಟು

ನನಗಾಗ ಅರವತ್ತೇಳು. ಎರಡು ವರ್ಷದ ಹಿಂದಿನ ಮಾತು. ಮಾರೇನಹಳ್ಳಿಯಲ್ಲಿ ನನ್ನ ಕೋಡುಬಳೆ ತಿನ್ನದವರು ಯಾರೂ ಇರಲಿಲ್ಲ. ಮೂವತ್ತು ವರ್ಷ ಒಂದು ಕಾಂಡಿಮೆಂಟ್ಸ್ ಅಂಗಡಿಗೆ ಕರಿದು ಹಾಕಿದ ಕೈ ಇದು. ಓದಿದ್ದು ಎರಡನೇ ಕ್ಲಾಸು. ಆದರೂ ಮಕ್ಕಳನ್ನು ಸಾಕುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತ ಧೈರ್ಯವಾಗಿದ್ದೆ. ನಮ್ಮ ಮನೇಲಿ ನೆಂಟರಾಗಲಿ ಮಕ್ಕಳಾಗಲಿ ಬಾಯಿಬಿಟ್ಟು ಕೇಳಿದರು ಅಂದರೆ ಮನೆ ಹೆಂಗಸಿಗೆ ಅವಮಾನ. ಮುಖ ನೋಡಿ ಬಡಿಸಬೇಕು. ನಾನು ಹಾಗೇ ಬದುಕಿದವಳು.

ಮೊಮ್ಮಗಳು ಜಾನುಗೆ ನಾಲ್ಕು ತುಂಬಿತ್ತು. ಮಾತಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಕೋಡುಬಳೆ ಕೊಟ್ಟರೆ ಮೊದಲು ಅದರ ತೂತಿನಿಂದ ಬಲ್ಬು ನೋಡಿ, ಆಮೇಲೆ ತಿನ್ನುತ್ತಿದ್ದಳು. ಆಟಿಸಂ ಅಂದರು ಡಾಕ್ಟರು. ಮಗ ಎರಡು ದಿನ ಮುಸುಕೆಳೆದು ಮಲಗಿಬಿಟ್ಟ. ಸೊಸೆ ಸವಿತಾ ಮೂರನೇ ದಿನ ಎದ್ದು ವಿಚಾರಿಸಿಕೊಂಡು ಬಂದಳು. ಚಂದ್ರಾ ಲೇಔಟಿನಲ್ಲಿ, ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ, ಇಂಥ ಮಕ್ಕಳಿಗೆ ಥೆರಪಿ ಕೊಡುತ್ತಾರಂತೆ.

ಥೆರಪಿ ಅಂದರೆ ಸೂಜಿಯೋ ಕರೆಂಟೋ ಅಂತ ಹೆದರಿಕೊಂಡೇ ಹೋದೆ. ನೋಡಿದರೆ ಒಂದು ಚಾಪೆ, ಎರಡು ಪುಟ್ಟ ಕುರ್ಚಿ, ನಮ್ಮ ಸವಿತಾಗಿಂತ ಚಿಕ್ಕ ವಯಸ್ಸಿನ ಒಬ್ಬ ಮೇಡಮ್ಮು. ಮಗುಗೆ ಏನಿಷ್ಟ ಅಂತ ಕೇಳಿದರು. ಕೋಡುಬಳೆ ಅಂದೆ, ಸ್ವಲ್ಪ ಜೋರಾಗಿಯೇ. ಅವರು ಕೋಡುಬಳೆ ಫೋಟೋ ಅಂಟಿಸಿದ ಒಂದು ಕಾರ್ಡು ಮಾಡಿಕೊಟ್ಟರು. ಜಾನು ಆ ಕಾರ್ಡು ಎತ್ತಿ ನನ್ನ ಕೈಗೆ ಕೊಡಬೇಕು. ಕೊಟ್ಟ ತಕ್ಷಣ ನಾನು ಒಂದು ಚೂರು ಕೋಡುಬಳೆ ಕೊಡಬೇಕು. ಅದೇ ಅವಳು ಬಾಯಿಬಿಟ್ಟು ಕೇಳಿದ ಹಾಗೆ. ನಾನು ಹತ್ತು ಎಣಿಸುವ ತನಕ ಕಾಯಬೇಕು. ಆಗಲೂ ಕೊಡದಿದ್ದರೆ ಅವಳ ಕೈ ಹಿಡಿದು ಕೊಡಿಸಬೇಕು. ಸುಮ್ಮಸುಮ್ಮನೆ ಮಾತ್ರ ತಿಂಡಿ ಕೊಡಕೂಡದು.

ಲೆಕ್ಕಕ್ಕೆ ಒಂದು ಹಾಳೆ. ತಾನಾಗಿ ಕೊಟ್ಟರೆ ರೈಟು, ಕೈ ಹಿಡಿದು ಕೊಡಿಸಿದರೆ ಸೊನ್ನೆ, ಆಗಲೇ ಇಲ್ಲ ಅಂದರೆ ಇಂಟು. ದಿನಕ್ಕೆ ಹತ್ತು ಸಲ. ಸವಿತಾ ಎಂಟು ಗಂಟೆಗೆ ಗಾರ್ಮೆಂಟ್ಸಿಗೆ ಹೊರಡುವವಳಾದ್ದರಿಂದ ಸದರಿ ಹಾಳೆಯನ್ನೂ ಒಂದು ಪೆನ್ಸಿಲ್ಲನ್ನೂ ನನ್ನ ವಶಕ್ಕೆ ಒಪ್ಪಿಸಲಾಯಿತು.

"ಅತ್ತೆ, ಇದೊಂದನ್ನ ಸರಿಯಾಗಿ ಮಾಡಿ," ಅಂದಳು. "ಅವಳು ನನ್ನ ಅಮ್ಮಾ ಅಂತ ಕರೀದಿದ್ರೂ ಪರವಾಗಿಲ್ಲ. ಹಸಿವಾದ್ರೆ ಯಾರನ್ನಾದ್ರೂ ಕೇಳೋಕೆ ಬಂದ್ರೆ ಸಾಕು. ನಾವೇ ಎಷ್ಟು ದಿನ ಮುಖ ನೋಡಿ ಕೊಡೋಕಾಗುತ್ತೆ?"

"ಹೋಗೇ, ನಾನು ನೋಡ್ಕೋತೀನಿ," ಅಂದೆ.

ಮೊದಲ ದಿನ ಕಾರ್ಡನ್ನು ಮುಂದಿಟ್ಟುಕೊಂಡು ಕೂತೆ. ಜಾನು ಅದರ ಕಡೆ ನೋಡಲೂ ಇಲ್ಲ. ನನ್ನ ಮಣಿಕಟ್ಟು ಹಿಡಿದು ಡಬ್ಬಿ ಕಡೆ ಎಳೆದಳು. ಒಂದು, ಎರಡು, ಮೂರು ಅಂದೆ. ನಾಲ್ಕಕ್ಕೆ ಅವಳ ತುಟಿ ನಡುಗಿತು. ಐದಕ್ಕೆ ಡಬ್ಬಿ ತೆಗೆದೆ.

ಈಗ ಹಾಳೆಗೆ ಏನು ಹಾಕುವುದು? ಇಂಟು ಹಾಕಬೇಕು. ಇಂಟು ಗೊತ್ತಿಲ್ಲದವಳೇನಲ್ಲ ನಾನು, ಎರಡನೇ ಕ್ಲಾಸಿನಲ್ಲಿ ನನ್ನ ಸ್ಲೇಟಿನ ತುಂಬಾ ಅದೇ ಇರುತ್ತಿತ್ತು. ನಾಲ್ಕು ವರ್ಷದ ಕೂಸಿಗೆ ಅದನ್ನು ಹಾಕಲು ಕೈ ಬರಲಿಲ್ಲ. ಹೇಗೂ ನಾಳೆ ನಾಡಿದ್ದರಲ್ಲಿ ಕಲಿಯುತ್ತಾಳೆ, ಇವತ್ತೇ ಹಾಕಿಟ್ಟರೆ ಏನಂತೆ ಅಂತ ರೈಟು ಹಾಕಿದೆ.

ಡಬ್ಬಿ ಹತ್ತಿರ ದಿನಾ ಅಳಿಸುವುದು ಯಾಕೆ ಅಂತ ಎರಡನೇ ದಿನದಿಂದ ಕೋಡುಬಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವಳ ಮುಖ ಬಾಡುವ ಮೊದಲೇ ಒಂದು ಚೂರು ಕೈಗೆ. ಹದಿನೈದು ದಿನದಲ್ಲಿ ಹಾಳೆ ತುಂಬಿತು. ಎಲ್ಲ ರೈಟೇ ಆದರೆ ಅನುಮಾನ ಬಂದೀತು ಅಂತ ನಡುವೆ ಒಂದು ಸೊನ್ನೆಯನ್ನೂ ಹಾಕಿದ್ದೆ. ಎರಡನೇ ಕ್ಲಾಸಿಗೆ ಇಷ್ಟು ಬುದ್ಧಿ ಸಾಲದೇ?

ಹಾಳೆ ನೋಡಿ ಮೇಡಮ್ಮು ಕುರ್ಚಿಯಿಂದ ಎದ್ದುಬಿಟ್ಟರು. ಇಷ್ಟು ಬೇಗ ಕಲಿತ ಮಗುವನ್ನೇ ತಾನು ನೋಡಿಲ್ಲ ಅಂದರು. ಸವಿತಾ ಅತ್ತಳು. ನಾನು ಸೆರಗು ಸರಿಮಾಡಿಕೊಂಡೆ.

ಹಾಗಾದರೆ ಮುಂದಿನ ಹಂತ ಅಂತ ಕೋಡುಬಳೆ ಕಾರ್ಡಿನ ಪಕ್ಕ ಬಾಚಣಿಗೆಯ ಕಾರ್ಡು ಬಂತು. ಎರಡರಲ್ಲಿ ಬೇಕಾದ್ದು ಆರಿಸಿ ಕೊಡಬೇಕು. ಒಂದನ್ನೇ ಕೊಡದವಳು ಎರಡರಲ್ಲಿ ಏನು ಆರಿಸುತ್ತಾಳೆ? ಕಿರುಚಿದಳು. ತಲೆಯನ್ನು ನೆಲಕ್ಕೆ ಹೊಡೆಯಹೋದಳು. ಮೇಡಮ್ಮು ತಮ್ಮ ಅಂಗೈಯನ್ನು ಅವಳ ಹಣೆಗೂ ನೆಲಕ್ಕೂ ನಡುವೆ ಇಟ್ಟರು. ಬಾಚಣಿಗೆ ಎತ್ತಿಟ್ಟು ಒಂದೇ ಕಾರ್ಡು ಇಟ್ಟರು. ಆಗಲೂ ಇಲ್ಲ. ಅವತ್ತೂ ಇಲ್ಲ, ಮಾರನೇ ಸಲವೂ ಇಲ್ಲ, ಮೂರನೇ ಸಲವೂ ಇಲ್ಲ. ಮೇಡಮ್ಮಿನ ಅಂಗೈ ಕೆಂಪಾಗಿತ್ತು.

ಮೂರನೇ ಸಲ ಅವರು ನಮ್ಮನ್ನು ಕೂರಿಸಿಕೊಂಡು ಮೆಲ್ಲಗೆ ಮಾತಾಡಿದರು. ಬರದೇ ಇರುವುದು ಬೇರೆ, ಬಂದದ್ದು ಹೋಗುವುದು ಬೇರೆ. ಕಲಿತದ್ದು ಹೀಗೆ ಮರೆತುಹೋಗುತ್ತಿದ್ದರೆ ನರದ ಡಾಕ್ಟರಿಗೆ ತೋರಿಸಲೇಬೇಕು. ತಲೆ ಸ್ಕ್ಯಾನ್ ಬೇಕಾಗಬಹುದು. ಅಲ್ಲಾಡಬಾರದಲ್ಲ, ಮಗುವಿಗೆ ಪ್ರಜ್ಞೆ ಇಲ್ಲದ ಹಾಗೆ ಔಷಧಿ ಕೊಟ್ಟು ಮಲಗಿಸುತ್ತಾರೆ. ಅಷ್ಟು ಹೇಳಿ ಪೆನ್ನು ತೆಗೆದುಕೊಂಡು ಚೀಟಿ ಬರೆಯಲು ಶುರುಮಾಡಿದರು.

ಸವಿತಾ ಜಾನು ತಲೆಯ ಮೇಲೆ ಕೈ ಇಟ್ಟಳು. ಕೆಳಗೆ ದರ್ಶಿನಿಯಲ್ಲಿ ಯಾರೋ ದೋಸೆಗೆ ಇನ್ನೊಂದು ಸಲ ಚಟ್ನಿ ಕೇಳುತ್ತಿದ್ದರು. ಪೆನ್ನು ಮೊದಲ ಸಾಲು ಮುಗಿಸಿತು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ ಅಂತ ಒಂದು ಗಳಿಗೆ ಅನ್ನಿಸಿದ್ದು ನಿಜ. ಪೆನ್ನು ಎರಡನೇ ಸಾಲಿಗೆ ಇಳಿಯಿತು.

"ಬರೀಬೇಡಿ ಮೇಡಂ," ಅಂದೆ. "ಆ ಹಾಳೇಲಿ ಕೆಲವು ರೈಟು ನಂದು."

"ಕೆಲವು ಅಂದ್ರೆ ಎಷ್ಟು ಅಜ್ಜಿ?"

"ಮೇಲಿಂದ ಕೆಳಗಿನ ತನಕ."

ಸವಿತಾ ನನ್ನ ಕಡೆ ತಿರುಗಿದಳು. "ಒಂದು ಸಲಾನೂ ಕಾರ್ಡ್ ಕೊಟ್ಟಿಲ್ವಾ ಅತ್ತೆ?"

ನಾನು ಏನೋ ಹೇಳಿ ಸುಧಾರಿಸಬೇಕು ಅಂತಿದ್ದೆ. ಅಷ್ಟರಲ್ಲಿ ಜಾನು ನೇರ ಬಂದು ನನ್ನ ಸೊಂಟಕ್ಕೆ ಕೈ ಹಾಕಿ, ಗಂಟು ಬಿಚ್ಚಿ, ಕೋಡುಬಳೆ ತೆಗೆದು, ಅದರ ತೂತಿನಿಂದ ಟ್ಯೂಬ್‌ಲೈಟು ನೋಡಿ, ಕಟುಂ ಅಂತ ಕಡಿದಳು.

ಸಾಕ್ಷಿ ವಿಚಾರಣೆ ಅಲ್ಲಿಗೆ ಮುಕ್ತಾಯವಾಯಿತು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸವಿತಾ ಬೈಯಲಿಲ್ಲ. "ಹದಿನೈದು ದಿನ ಅವಳಿಗೆ ಯಾರೂ ಏನೂ ಕಲಿಸಿಯೇ ಇಲ್ಲ," ಅಂದಳು, ಗೋಡೆಗೆ ಹೇಳುವ ಹಾಗೆ.

ಮೇಡಮ್ಮು ಚೀಟಿ ಹರಿದರು. ಹೊಸ ಹಾಳೆ ತೆಗೆದು ಮೇಲೆ ಒಂದು ಹೆಸರು ಬರೆದರು. ತಡವರಿಸದೆ ಓದಲು ಬರುವ ಪದ ನನಗೆ ಒಂದೇ. ಅದೇ ಅಲ್ಲಿತ್ತು.

"ಕಾರ್ಡು ಕೊಡೋದು ಅವಳು ಕಲೀತಾಳೆ," ಅಂದರು. "ಮೊದಲು ನೀವು ಹತ್ತು ಎಣಿಸೋದು ಕಲೀರಿ ಅಜ್ಜಿ."

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಕೂತೆವು. ಮೆಟ್ರೋ ಸ್ಟೇಷನ್ನಿನಲ್ಲಿ ತಡಕಿ ಒಳಗೆ ಬಿಡುವ ಹಾಗೆ ಸವಿತಾ ನನ್ನ ಸೊಂಟ ತಡಕಿ ನೋಡಿದಳು. ಡಬ್ಬಿ ನನ್ನ ತೊಡೆಯ ಮೇಲೆ, ಕಾರ್ಡು ಜಾನು ಮುಂದೆ. ಜಾನು ಸೊಂಟಕ್ಕೆ ಕೈ ಹಾಕಿದಳು. ಖಾಲಿ. ಮಣಿಕಟ್ಟು ಎಳೆದಳು. ನಾನು ಅಲ್ಲಾಡಲಿಲ್ಲ. ನಾಲ್ಕು, ಐದು. ತುಟಿ ನಡುಗಿತು. ಆರು. ನಾನು ಕಲ್ಲು. ಏಳು. ಅವಳು ಕೆಳಗೆ ನೋಡಿದಳು. ಎಂಟಕ್ಕೆ ಅವಳ ಬೆರಳು ಕಾರ್ಡಿನ ಅಂಚು ಮುಟ್ಟಿತು.

ಅಷ್ಟರಲ್ಲಿ ನನ್ನ ಕೈ ಡಬ್ಬಿ ತೆಗೆದುಬಿಟ್ಟಿತ್ತು.

ನಾನೇ ಪೆನ್ಸಿಲ್ಲು ಎತ್ತಿಕೊಂಡು ನನ್ನ ಹೆಸರಿನ ಕೆಳಗೆ ಒಂದು ಇಂಟು ಹಾಕಿದೆ. ಜೀವಮಾನದಲ್ಲಿ ನನ್ನ ಕೈಯಾರೆ ಹಾಕಿದ ಮೊದಲ ಇಂಟು. ಸವಿತಾ ಬಗ್ಗಿ ನೋಡಿ ಕೇಳಿದಳು:

"ಅತ್ತೆ, ಇದು ಇಂಟೋ, ರೈಟೋ?"